ಎಳೆಯ ಮಕ್ಕಳ ತಾಯಿಗೆ ವಿದ್ಯೆಯೂ ಕಾಯಕವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಮಳವಳ್ಳಿಯಲ್ಲಿ ನೆರೆದ ಮಹಿಳಾ ಗೋಷ್ಠಿಯಲ್ಲಿ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಮಾಡಿದ ಭಾಷಣ)

 

ಈ ಮಹೋತ್ಸವದಲ್ಲಿ ಎರಡು ಮಾತುಗಳನ್ನಾಡಬೇಕೆಂದು ಅಪ್ಪಣೆಯಾದಾಗ ನನಗೆ ಸಂತೋಷವೂ ಅಳುಕೂ ಒಟ್ಟಿಗೆ ಉಂಟಾದುವು. ನಾನು ವಿದ್ವಾಂಸಳಲ್ಲ, ಶಾಸ್ತ್ರಗಳನ್ನು ಓದಿದವಳಲ್ಲ. ಈ ತಾಲ್ಲೂಕಿನ ಹಳ್ಳಿಯ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುತ್ತ ನನ್ನ ಆಯುಷ್ಯದ ಬಹುಭಾಗವನ್ನು ಕಳೆದವಳು. ಆದುದರಿಂದ ದೊಡ್ಡ ವಿಷಯಗಳನ್ನು ದೊಡ್ಡವರಿಗೆ ಬಿಟ್ಟು, ನಾನು ಅನುಭವಿಸಿ ತಿಳಿದ ಒಂದು ಸಣ್ಣ ವಿಷಯವನ್ನು ತಮ್ಮ ಮುಂದೆ ಬಿನ್ನವಿಸಿಕೊಳ್ಳುತ್ತೇನೆ. ಸಣ್ಣ ವಿಷಯವೆಂದೆನು, ಆದರೆ ಅದು ಯಾವ ಮನೆಯೊಳಗೆ ಹೊಗುವುದೋ ಆ ಮನೆಗೆ ಅದಕ್ಕಿಂತ ದೊಡ್ಡ ವಿಷಯವು ಬೇರೊಂದಿರಲಾರದು. ಗಂಡನನ್ನು ಕಳೆದುಕೊಂಡೋ, ಗಂಡನಿಂದ ದೂರವಾಗಿಯೋ, ಕಂಕುಳಲ್ಲೊಂದು ಕೈಯಲ್ಲೊಂದು ಕೂಸನ್ನು ಹಿಡಿದುಕೊಂಡು ನಿಂತ ತಾಯಿಯು ಮತ್ತೆ ಪುಸ್ತಕವನ್ನು ಹಿಡಿಯಬಹುದೆ? ಮತ್ತೆ ದುಡಿಮೆಗೆ ಹೋಗಬಹುದೆ? ಹೋದರೆ ಆ ಕೂಸುಗಳ ಗತಿಯೇನು? ಇದೇ ಆ ವಿಷಯ.

ಮೊದಲು ನಮ್ಮ ಊರಿನ ಸ್ಥಿತಿಯನ್ನೇ ನೋಡೋಣ. ಮಳವಳ್ಳಿಯ ಸುತ್ತಣ ಹಳ್ಳಿಗಳಲ್ಲಿ ಹಿಪ್ಪುನೇರಳೆಯ ತೋಟಗಳೂ ಹುಳು ಸಾಕುವ ಮನೆಗಳೂ ಇರುವುದು ತಮಗೆಲ್ಲರಿಗೂ ತಿಳಿದಿದೆ. ಹುಳುವಿನ ಸಾಕಣೆಯೆಂಬುದು ಬಹುಮಟ್ಟಿಗೆ ಹೆಂಗಸರ ಕೈಯ ಕೆಲಸ. ಹುಳುಗಳು ಕೊನೆಯ ಜ್ವರದಿಂದ ಎದ್ದ ಮೇಲೆ ಹಣ್ಣಾಗಿ ಚಂದ್ರಿಕೆಗೆ ಹತ್ತುವವರೆಗೂ ಮನೆಯ ಹೆಂಗಸಿಗೆ ಹಗಲಿಲ್ಲ, ರಾತ್ರಿಯಿಲ್ಲ. ಸೊಪ್ಪು ಕೊಯ್ಯಬೇಕು, ಹೊರಬೇಕು, ಹಾಕಬೇಕು, ತಟ್ಟೆಗಳನ್ನು ಶುಚಿ ಮಾಡಬೇಕು. ಗೂಡು ಬಿಡಿಸಿ ನೂಲು ತೆಗೆಯುವ ಕಡೆಯಲ್ಲಿಯಾದರೋ ಕುದಿಯುವ ನೀರಿನ ಬಾನಿಯ ಮುಂದೆ ಕುಳಿತು, ಬಿಸಿನೀರಿನಲ್ಲಿ ಬೆರಳಿಟ್ಟು ಎಳೆಯನ್ನು ಹುಡುಕಬೇಕು. ಇಂತಹ ಸ್ಥಳಕ್ಕೆ ಒಂದೂವರೆ ವರ್ಷದ ಮಗುವನ್ನು ಕರೆದುಕೊಂಡು ಹೋಗುವುದು ಹೇಗೆ? ಮನೆಯಲ್ಲಿ ಬಿಟ್ಟು ಹೋಗುವುದಾದರೂ ಯಾರ ವಶದಲ್ಲಿ? ಗಂಡಹೆಂಡಿರು ಇಬ್ಬರಿರುವ ಮನೆಯಲ್ಲಿಯೇ ಇದು ಕಷ್ಟವಾಗಿರುವಾಗ ಒಬ್ಬಳೇ ಇರುವ ಮನೆಯ ಮಾತನ್ನು ಹೇಳಬೇಕಾದುದಿಲ್ಲ.

ಈ ಕಷ್ಟವು ಇಂದಿನದಲ್ಲ. ನೂರ ನಲವತ್ತು ವರ್ಷಗಳಿಗೂ ಹಿಂದೆ ಇದನ್ನು ಎದುರಿಸಿ ನಿಂತ ಒಬ್ಬ ಮಹಾತಾಯಿಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಅವರು ನಮ್ಮ ಕನ್ನಡನಾಡಿನ ಮಣ್ಣಿನಲ್ಲಿಯೇ ಹುಟ್ಟಿದವರು. ಪಂಡಿತಾ ರಮಾಬಾಯಿಯವರು ೧೮೫೮ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಜನಿಸಿದರು. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳದವರು. ಹೆಂಗಸರಿಗೆ ಸಂಸ್ಕೃತವನ್ನು ಕಲಿಸುವುದು ನಿಂದ್ಯವೆನಿಸಿದ್ದ ಕಾಲದಲ್ಲಿ ಅವರು ತಮ್ಮ ಪತ್ನಿಗೆ ಸಂಸ್ಕೃತವನ್ನು ಕಲಿಸಿದರು. ಆ ತಾಯಿಯು ಮಗಳಿಗೆ ಕಲಿಸಿದಳು. ಕ್ಷಾಮದಲ್ಲಿ ತಾಯಿತಂದೆಗಳನ್ನು ಕಳೆದುಕೊಂಡ ರಮಾಬಾಯಿಯವರು ಅಣ್ಣನೊಡನೆ ದೇಶವನ್ನು ಕಾಲ್ನಡಿಗೆಯಿಂದ ಸುತ್ತಿ ೧೮೭೮ರಲ್ಲಿ ಕಲ್ಕತ್ತೆಯನ್ನು ಸೇರಿದಾಗ ಅಲ್ಲಿನ ವಿದ್ವಾಂಸರು ಅವರಿಗೆ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದಿತ್ತು ಗೌರವಿಸಿದರು.

೧೮೮೦ರಲ್ಲಿ ಅವರಿಗೆ ವಿವಾಹವಾಯಿತು. ೧೮೮೧ರಲ್ಲಿ ಮನೋರಮೆಯೆಂಬ ಹೆಣ್ಣುಮಗು ಹುಟ್ಟಿತು. ೧೮೮೨ರ ಆರಂಭದಲ್ಲಿಯೇ ಪತಿಯು ತೀರಿಕೊಂಡನು. ಮಗುವಿಗೆ ಆಗ ಒಂದು ವರ್ಷವೂ ತುಂಬಿರಲಿಲ್ಲ. ಇಪ್ಪತ್ತಮೂರು ವರ್ಷದ ವಿಧವೆ, ತವರಿನ ಆಸರೆಯಿಲ್ಲ, ಅತ್ತೆಯ ಮನೆಯ ಆಸರೆಯಿಲ್ಲ. ಇಂತಿರಲು ಅವರು ಮಾಡಿದುದೇನು? ಆ ಕೂಸನ್ನು ಎತ್ತಿಕೊಂಡು ಪುಣೆಗೆ ಬಂದರು. ಅದೇ ವರ್ಷದಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷದಲ್ಲಿ ಸರ್ಕಾರದ ಶಿಕ್ಷಣ ಸಮಿತಿಯ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಹೆಣ್ಣು ಉಪಾಧ್ಯಾಯರೂ ಹೆಣ್ಣು ವೈದ್ಯರೂ ಬೇಕೆಂದು ಸಾಕ್ಷ್ಯ ನುಡಿದರು. ಮರಾಠಿಯಲ್ಲಿ ಒಂದು ಗ್ರಂಥವನ್ನು ಬರೆದು, ಅದರಿಂದ ಬಂದ ಹಣದ ನೆರವಿನಿಂದ ೧೮೮೩ರಲ್ಲಿ ಎರಡು ವರ್ಷದ ಮಗಳೊಡನೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ವೈದ್ಯವಿದ್ಯೆಯನ್ನು ಕಲಿಯಬೇಕೆಂಬ ಆಸೆಯಿತ್ತು. ಕಿವಿ ಮಂದವಾಗಿದ್ದುದರಿಂದ ಅದು ಕೈಗೂಡಲಿಲ್ಲ. ಅಲ್ಲಿ ಅವರು ಕ್ರೈಸ್ತಮತವನ್ನು ಸ್ವೀಕರಿಸಿದರು. ಅದರಿಂದ ಈ ದೇಶದಲ್ಲಿ ಬಹಳ ಕೋಲಾಹಲವೂ ಆಯಿತು. ಮತದ ವಿಚಾರವು ನನ್ನ ಇಂದಿನ ವಿಷಯವಲ್ಲ. ಎಳೆಯ ಮಗುವಿನ ತಾಯಿಯು ಓದನ್ನು ಬಿಡಲಿಲ್ಲವೆಂಬುದಷ್ಟೇ ನನ್ನ ವಿಷಯ. ೧೮೮೬ರಲ್ಲಿ ಅಮೆರಿಕೆಗೆ ಹೋಗಿ ಉಪನ್ಯಾಸಗಳನ್ನು ಮಾಡಿ, ಸಹಾಯವನ್ನು ಕೂಡಿಸಿಕೊಂಡು ಬಂದು, ೧೮೮೯ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ವಿಧವೆಯರ ವಿದ್ಯಾಭ್ಯಾಸಕ್ಕಾಗಿ ಶಾರದಾ ಸದನವನ್ನು ತೆರೆದರು. ಅಂದು ಹಡಗಿನಲ್ಲಿ ಅವರ ತೊಡೆಯ ಮೇಲಿದ್ದ ಕೂಸು ಬೆಳೆದು ಆ ಸಂಸ್ಥೆಯ ಕೆಲಸದಲ್ಲಿ ತಾಯಿಗೆ ಬಲಗೈಯಾಯಿತು.

ಇದನ್ನು ಕೇಳಿ, ಅವರು ಅಸಾಮಾನ್ಯರು, ಅಂಥವರ ಮಾತು ನಮಗೇಕೆ ಎಂದು ತಾವು ಕೇಳಬಹುದು. ಯುಕ್ತವಾದ ಪ್ರಶ್ನೆಯೇ. ಆದುದರಿಂದ ಇನ್ನೊಬ್ಬರ ವೃತ್ತಾಂತವನ್ನು ಹೇಳುತ್ತೇನೆ. ಇದು ನೆರೆಯ ಮದರಾಸಿನದು. ಅಯ್ಯಲಸೋಮಯಾಜುಲ ಲಲಿತಾ ಎಂಬವರು ೧೯೧೯ರಲ್ಲಿ ಹುಟ್ಟಿದರು. ಹದಿನೈದು ವರ್ಷಕ್ಕೆ ಮದುವೆ. ಹದಿನೆಂಟು ವರ್ಷಕ್ಕೆ ಮಗಳು. ಆ ಮಗುವಿಗೆ ನಾಲ್ಕು ತಿಂಗಳಾಗಿದ್ದಾಗ, ೧೯೩೭ರಲ್ಲಿ, ಗಂಡನ ಮರಣ. ತಂದೆ ಸುಬ್ಬರಾಯರು ಗಿಂಡಿಯ ಇಂಜನಿಯರಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕರು. ಮಗಳನ್ನು ಮೂಲೆಯಲ್ಲಿ ಕುಳ್ಳಿರಿಸಲು ಅವರ ಮನಸ್ಸು ಒಪ್ಪಲಿಲ್ಲ. ಯಾವ ವಿದ್ಯೆಯನ್ನು ಓದುವುದು ಎಂಬ ಪ್ರಶ್ನೆ ಬಂತು. ಹೆಂಗಸರಿಗೆ ವೈದ್ಯವೃತ್ತಿಯು ತಕ್ಕುದೆಂದು ಜನರು ಆಗಲೇ ಒಪ್ಪಿದ್ದರು. ಆದರೆ ವೈದ್ಯಳಾದರೆ ನಡುರಾತ್ರಿಯಲ್ಲಿ ಕರೆ ಬಂದರೂ ಮಗುವನ್ನು ಬಿಟ್ಟು ಏಳಬೇಕಾಗುವುದು. ಅದು ಬೇಡವೆಂದು ಆ ತಾಯಿಯು ಅಂದಿನವರೆಗೆ ಹೆಂಗಸರು ಕಾಲಿಡದಿದ್ದ ವಿದ್ಯುತ್ ಇಂಜನಿಯರಿಂಗನ್ನು ಆರಿಸಿಕೊಂಡಳು. ಯೋಚಿಸಿ ನೋಡಿರಿ: ಹೊಸ ದಾರಿಯನ್ನು ತುಳಿಯಬೇಕೆಂಬ ಹಟದಿಂದಲ್ಲ, ರಾತ್ರಿಯ ಹೊತ್ತು ಮಗಳ ಪಕ್ಕದಲ್ಲಿ ಮಲಗಿರಬೇಕೆಂಬ ಆಸೆಯಿಂದ ಹೊಸ ದಾರಿಯು ತೆರೆಯಿತು.

೧೯೪೦ರಲ್ಲಿ ಅವರಿಗೆ ಆ ಕಾಲೇಜಿನಲ್ಲಿ ಪ್ರವೇಶ ದೊರೆಯಿತು. ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತ ವಾರದ ಕೊನೆಯಲ್ಲಿ ಮಗಳನ್ನು ನೋಡಲು ಬರುತ್ತಿದ್ದರು. ಉಳಿದ ದಿನಗಳಲ್ಲಿ ಆ ಮಗುವನ್ನು ಬಂಧುಗಳು ಸಾಕಿದರು. ಮುಂದೆ ೧೯೪೪ರಲ್ಲಿ ಸಿಮ್ಲಾದಲ್ಲಿ ಉದ್ಯೋಗ ದೊರೆತಾಗಲೂ ಅಲ್ಲಿದ್ದ ಸಹೋದರನ ಮನೆಯೇ ತಾಯಿಮಗಳಿಗೆ ಆಸರೆಯಾಯಿತು. ಅನಂತರ ಕಲ್ಕತ್ತೆಯ ಕಂಪೆನಿಯೊಂದರಲ್ಲಿ ಕೆಲಸ ಮಾಡುತ್ತ ಭಾಕ್ರಾ ನಂಗಲ್ ಅಣೆಕಟ್ಟಿನ ವಿದ್ಯುತ್ ಮಾರ್ಗಗಳ ವಿನ್ಯಾಸದಲ್ಲಿ ಅವರು ಭಾಗವಹಿಸಿದರು. ೧೯೬೪ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮಹಿಳಾ ಇಂಜನಿಯರುಗಳ ಪ್ರಥಮ ಅಂತರರಾಷ್ಟ್ರೀಯ ಸಮ್ಮೇಳನಕ್ಕೂ ಹೋಗಿ ಬಂದರು. ನಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ ೧೯೦೨ರಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ಹುಟ್ಟಿ, ತೊಂಬತ್ತು ಮೈಲಿಗೂ ಮಿಕ್ಕಿದ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿದುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವಷ್ಟೆ. ಅಂತಹ ವಿದ್ಯೆಯನ್ನು ಈ ದೇಶದಲ್ಲಿ ಮೊದಲು ಕೈಗೂಡಿಸಿಕೊಂಡ ಹೆಂಗಸು ಮನೆಯಲ್ಲಿ ಎಳೆಮಗುವನ್ನು ಬಿಟ್ಟು ಬಂದ ಒಬ್ಬ ವಿಧವೆಯೆಂಬುದು ನೆನಪಿನಲ್ಲಿಡತಕ್ಕ ಸಂಗತಿ.

ಈ ಎರಡು ಚರಿತ್ರೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಒಂದು ಅಂಶವು ಹೊಳೆಯುತ್ತದೆ. ಇಬ್ಬರಲ್ಲಿಯೂ ಬುದ್ಧಿಯಿತ್ತು, ಧೈರ್ಯವಿತ್ತು. ಆದರೆ ಬುದ್ಧಿ ಧೈರ್ಯಗಳು ಎಷ್ಟಿದ್ದರೂ, ತಾಯಿಯು ಓದುತ್ತಿರುವ ಗಳಿಗೆಯಲ್ಲಿ ಮಗುವನ್ನು ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ ಬೇಕು. ಲಲಿತಾ ಅವರಿಗೆ ಆ ಕೈಯನ್ನು ತವರು ಕೊಟ್ಟಿತು. ರಮಾಬಾಯಿಯವರಿಗೆ ತವರಿರಲಿಲ್ಲ, ಅವರು ಅಮೆರಿಕೆಯಲ್ಲಿದ್ದಾಗ ಮಗಳನ್ನು ಕೆಲವು ಕಾಲ ಇಂಗ್ಲೆಂಡಿನ ಆಶ್ರಮದ ಸೋದರಿಯರ ವಶದಲ್ಲಿ ಬಿಡಬೇಕಾಯಿತು. ಮನೆಯೋ ಸಂಸ್ಥೆಯೋ, ಎರಡರಲ್ಲೊಂದು ಬೆನ್ನಿಗೆ ನಿಲ್ಲಬೇಕು. ಎರಡೂ ಇಲ್ಲದೆಡೆ ಎಂತಹ ಬುದ್ಧಿವಂತೆಯೂ ಒಲೆಯ ಮುಂದೆಯೇ ಉಳಿದುಬಿಡುವಳು. ಅಂಥವರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಇಲ್ಲ.

ಇನ್ನು ನನ್ನ ಸ್ವಂತ ಸಂಗತಿಯನ್ನು ಹೇಳಲು ಅಪ್ಪಣೆ ಬೇಡುತ್ತೇನೆ. ಆತ್ಮಪ್ರಶಂಸೆಗೆಂದು ಹೇಳುವುದಿಲ್ಲ, ನನ್ನ ಮಾತಿಗೆ ಆಧಾರವೇನೆಂದು ತಾವು ಕೇಳಿದರೆ ತೋರಿಸಲು ನನ್ನಲ್ಲಿ ಬೇರೆ ಆಧಾರವಿಲ್ಲ.

೧೯೮೩ರಲ್ಲಿ ನನ್ನ ಯಜಮಾನರು ಅಲ್ಪ ದಿನಗಳ ಕಾಯಿಲೆಯಿಂದ ಲಿಂಗೈಕ್ಯರಾದರು. ನನಗೆ ಆಗ ಇಪ್ಪತ್ತೆರಡು ವರ್ಷ. ಮಗನಿಗೆ ಮೂರು ವರ್ಷ. ಮಗಳಿಗೆ ಹದಿನಾಲ್ಕು ತಿಂಗಳು. ಮನೆಯಲ್ಲಿ ಅತ್ತೆಯವರೊಬ್ಬರೇ ಹಿರಿಯರು. ಅವರಿಗೆ ಅಕ್ಷರ ಬಾರದು. ಹುಳು ಸಾಕಣೆಯಲ್ಲಿ ಮಾತ್ರ ಊರಿಗೇ ಹೆಸರಾದವರು. ನಾನು ಮದುವೆಗೆ ಮುಂಚೆ ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿದ್ದೆನು. ಆ ಪ್ರಮಾಣಪತ್ರವು ಪೆಟ್ಟಿಗೆಯ ತಳದಲ್ಲಿ ಸೀರೆಗಳ ಕೆಳಗೆ ಬಿದ್ದಿತ್ತು. ಒಂದು ದಿನ ಅತ್ತೆಯವರೇ ಅದನ್ನು ತೆಗೆದು ನನ್ನ ಮುಂದಿಟ್ಟು, ಇದರಿಂದ ಏನಾದರೂ ಆಗುತ್ತದೆಯೇ ಎಂದು ಕೇಳಿದರು. ಉಪಾಧ್ಯಾಯರ ತರಬೇತಿಗೆ ಸೇರಬಹುದು, ಆದರೆ ಎರಡು ವರ್ಷ ಮೈಸೂರಿನಲ್ಲಿರಬೇಕು, ಈ ಕೂಸುಗಳನ್ನು ಬಿಟ್ಟು ಹೇಗೆ ಹೋಗಲಿ, ನನ್ನ ಓದು ಅಂದಿಗೇ ಮುಗಿಯಿತು ಎಂದೆನು. ಅದಕ್ಕೆ ಅವರು ಕೊಟ್ಟ ಉತ್ತರವನ್ನು ಅವರ ನುಡಿಯಲ್ಲಿಯೇ ಹೇಳುತ್ತೇನೆ, ಹಿರಿಯರು ಮನ್ನಿಸಬೇಕು.

“ಹುಳ ನಾಕ್ನೇ ಜರಕ್ಕೆ ಮಲಗದ್ರೆ ಸತ್ತೋಯ್ತು ಅಂತ ತಿಪ್ಪೆಗೆ ಎಸೀತೀವೇನವ್ವ? ಎದ್ದ ಮ್ಯಾಲೆ ಮೊದಲ್ಗಿಂತ ಜಾಸ್ತಿ ಸೊಪ್ಪು ತಿನ್ನಲ್ವಾ?”

ಹುಳು ಸಾಕುವವರಿಗೆ ಈ ಮಾತಿನ ಅರ್ಥವನ್ನು ಬಿಡಿಸಬೇಕಾದುದಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ರೇಷ್ಮೆಯ ಹುಳುವು ಬೆಳೆಯುವಾಗ ನಾಲ್ಕು ಬಾರಿ ಪೊರೆ ಬಿಡುತ್ತದೆ. ಪ್ರತಿಸಲವೂ ಸೊಪ್ಪನ್ನು ಬಿಟ್ಟು, ತಲೆಯೆತ್ತಿ, ಅಲುಗಾಡದೆ ನಿಲ್ಲುತ್ತದೆ. ಅದನ್ನೇ ನಾವು ಜ್ವರವೆನ್ನುವುದು. ಆಗ ಅದರ ಮೇಲೆ ಸೊಪ್ಪನ್ನು ಹಾಕಕೂಡದು, ಕದಲಿಸಕೂಡದು, ಕಾದುಕೊಂಡಿರಬೇಕು. ನಾಲ್ಕನೆಯ ಜ್ವರದಿಂದ ಎದ್ದ ಹುಳುವು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆ ಕೆಲವೇ ದಿನಗಳಲ್ಲಿ ತಿಂದು ಗೂಡು ಕಟ್ಟುತ್ತದೆ. ಅಕ್ಷರವರಿಯದ ಆ ತಾಯಿಯು ನನ್ನ ದುಃಖವನ್ನು ಮರಣವೆಂದು ತಿಳಿಯಲಿಲ್ಲ, ಜ್ವರವೆಂದು ತಿಳಿದರು. ಆರು ತಿಂಗಳು ನನ್ನನ್ನು ಕದಲಿಸದೆ ಕಾದರು. ಅನಂತರ ಕೈಹಿಡಿದು ಎಬ್ಬಿಸಿದರು.

ಅರ್ಜಿಯನ್ನು ಕೊಡಲು ಹೋದಾಗ ಒಂದು ಕಚೇರಿಯಲ್ಲಿ, ಚಿಕ್ಕ ಮಕ್ಕಳಿರುವವಳು ಓದುವುದೆಲ್ಲಿಂದ ಬಂತು, ಸ್ಥಾನವು ವ್ಯರ್ಥವಾಗುತ್ತದೆ ಎಂದು ನನ್ನ ಎದುರಿಗೇ ಅಂದರು. ಅಂದವರನ್ನು ಇಂದು ದೂರುವುದಿಲ್ಲ. ಅಂದಿನ ದಿನಕ್ಕೆ ಅದು ಎಲ್ಲರ ಬಾಯಲ್ಲಿದ್ದ ಮಾತು. ಊರಿನಲ್ಲಿಯೂ ಅದನ್ನೇ ಅನ್ನುತ್ತಿದ್ದರು. ಸ್ಥಾನವು ದೊರೆಯಿತು. ಸೋಮವಾರ ನಸುಕಿನಲ್ಲಿ ಬಸ್ಸು ಹತ್ತಿ ಹೋದವಳು ಶನಿವಾರ ಸಂಜೆ ಹಿಂದಿರುಗುತ್ತಿದ್ದೆನು. ಮಗನು ಮೊದಲ ಕೆಲವು ವಾರ ಬಸ್ಸಿನ ಹಿಂದೆ ಓಡಿ ಬಂದು ಅತ್ತನು. ಆಮೇಲೆ ಅಳುವುದನ್ನು ಬಿಟ್ಟನು. ಅಳುವುದನ್ನು ಬಿಟ್ಟುದೇ ನನಗೆ ಹೆಚ್ಚು ಸಂಕಟವಾಯಿತು. ಮಗಳ ಸಂಗತಿಯು ಅದಕ್ಕಿಂತಲೂ ಕಠಿಣವಾದುದು. ಅವಳಿಗೆ ಮಾತು ಬಂದುದೇ ಆ ವರ್ಷದಲ್ಲಿ. ಅವಳು ಅಜ್ಜಿಯನ್ನು ಅವ್ವ ಎಂದು ಕರೆಯಲಾರಂಭಿಸಿದಳು. ನೆರೆಮನೆಯ ಹುಡುಗಿಯರು ನನ್ನನ್ನು ಅಕ್ಕ ಎನ್ನುವುದನ್ನು ಕೇಳಿ ನನ್ನನ್ನು ಅಕ್ಕ ಎಂದಳು. ಒಂದು ಶನಿವಾರ ಮನೆಯ ಬಾಗಿಲಲ್ಲಿ ಆ ಮಾತನ್ನು ಕೇಳಿ ನಾನು ಚೀಲವನ್ನು ಕೆಳಗಿಟ್ಟು, ಇನ್ನು ಹೋಗುವುದಿಲ್ಲವೆಂದು ಕುಳಿತುಬಿಟ್ಟೆನು.

ಭಾನುವಾರವೆಲ್ಲ ಅತ್ತೆಯವರು ಏನೂ ಹೇಳಲಿಲ್ಲ. ಸೋಮವಾರ ಕೋಳಿ ಕೂಗುವ ಹೊತ್ತಿಗೆ ರೊಟ್ಟಿ ತಟ್ಟಿ ಬುತ್ತಿ ಕಟ್ಟಿ ಚೀಲದಲ್ಲಿಟ್ಟು, ಮಗುವನ್ನು ಎತ್ತಿಕೊಂಡು ಬಸ್ಸಿನವರೆಗೆ ಬಂದರು. ದಾರಿಯುದ್ದಕ್ಕೂ ಮಗುವಿಗೆ ನನ್ನನ್ನು ತೋರಿಸಿ, ಅವ್ವ ಓದಕ್ಕೆ ಹೋಗ್ತಾವ್ಳೆ, ಅವ್ವ ಓದಕ್ಕೆ ಹೋಗ್ತಾವ್ಳೆ ಎಂದು ಹೇಳಿಕೊಡುತ್ತ ಬಂದರು. ಅಂದಿನಿಂದ ಪ್ರತಿ ಸೋಮವಾರವೂ ಹಾಗೆಯೇ ಮಾಡಿದರು. ಎರಡು ತಿಂಗಳಲ್ಲಿ ಮಗಳು ಆ ಮಾತನ್ನು ತಾನೇ ಹೇಳಿದಳು. ತಾಯಿಯ ಸ್ಥಾನವನ್ನು ಪಡೆದಿದ್ದವರು ಅದನ್ನು ತಾಯಿಗೆ ಹಿಂದಿರುಗಿಸಿಕೊಡುವುದು ಎಷ್ಟು ದೊಡ್ಡ ತ್ಯಾಗವೆಂಬುದು ಅಂದು ನನಗೆ ತಿಳಿಯಲಿಲ್ಲ. ನಾನೇ ಮೊಮ್ಮಕ್ಕಳನ್ನು ಎತ್ತಿಕೊಂಡ ಮೇಲೆ ತಿಳಿಯಿತು.

ಅಂತ್ಯದ ಪರೀಕ್ಷೆಯ ವಾರದಲ್ಲಿ ಮಗನಿಗೆ ಜ್ವರ ಬಂತು. ಒಂದು ದಿನದ ಪರೀಕ್ಷೆಯನ್ನು ಬಿಟ್ಟು ಊರಿಗೆ ಓಡಿದೆನು. ಆ ವಿಷಯವನ್ನು ಮುಂದಿನ ಬಾರಿ ಮತ್ತೆ ಬರೆದು ತೇರ್ಗಡೆಯಾದೆನು. ಇದರಿಂದ ಉದ್ಯೋಗವು ಒಂದು ವರ್ಷ ತಡವಾಯಿತು. ಆ ವರ್ಷ ಅತ್ತೆಯವರೊಡನೆ ಹುಳು ಸಾಕಿದೆನು. ಮೊದಲ ಸಂಬಳದ ದಿನ ಹಣವನ್ನು ಅವರ ಕೈಯಲ್ಲಿಟ್ಟಾಗ ಅವರು ಎಣಿಸಲಿಲ್ಲ. ಶ್ರೀಮಠಕ್ಕೆ ಒಂದು ಸೇರು ಎಣ್ಣೆಯನ್ನು ಕೊಟ್ಟು ಬಾ ಎಂದರು. ಅವರು ಲಿಂಗೈಕ್ಯರಾಗಿ ಬಹಳ ವರ್ಷಗಳಾದುವು. ಅವರ ಸನ್ನಿಧಿಯಲ್ಲಿ ನಾನು ಒಮ್ಮೆಯೂ ಬಾಯಿಬಿಟ್ಟು ಕೃತಜ್ಞತೆಯನ್ನು ಹೇಳಲಿಲ್ಲವಾದುದರಿಂದ ಇಂದು ಈ ಸಭೆಯಲ್ಲಿ ಹೇಳುತ್ತಿದ್ದೇನೆ.

ಮಹನೀಯರೇ, ನನ್ನ ಕತೆಯು ಸುಖಾಂತವಾಯಿತು. ಆದರೆ ಅದಕ್ಕೆ ಕಾರಣವು ನನ್ನ ಯೋಗ್ಯತೆಯಲ್ಲ. ಅಂತಹ ಅತ್ತೆಯು ನನಗೆ ದೊರೆತುದು. ಅತ್ತೆಯು ಹಾಸಿಗೆ ಹಿಡಿದ ಮನೆಯಲ್ಲಿ, ಅತ್ತೆಯೇ ಇಲ್ಲದ ಮನೆಯಲ್ಲಿ, ಮಗನ ಸಾವಿಗೆ ಸೊಸೆಯ ಕಾಲ್ಗುಣವೇ ಕಾರಣವೆಂದು ಹೊರಗಟ್ಟುವ ಮನೆಯಲ್ಲಿ ಆ ಹೆಣ್ಣುಮಗಳ ಪಾಡೇನು? ಅದೃಷ್ಟವಿದ್ದವರಿಗೆ ಮಾತ್ರ ದೊರೆಯುವುದನ್ನು ಎಲ್ಲರಿಗೂ ದೊರೆಯುವಂತೆ ಮಾಡುವುದಕ್ಕೇ ಅಲ್ಲವೇ ಸಂಸ್ಥೆಗಳೂ ಮಠಗಳೂ ಸರ್ಕಾರಗಳೂ ಇರುವುದು?

ಸರ್ಕಾರಗಳು ಏನನ್ನೂ ಮಾಡಲಿಲ್ಲವೆನ್ನುವುದು ಅನ್ಯಾಯವಾದೀತು. ೧೮೮೧ರಲ್ಲಿ ಅಂಬಳೆ ನರಸಿಂಹಯ್ಯಂಗಾರ್ಯರ ಪ್ರಯತ್ನದಿಂದ ಮೈಸೂರಿನಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಪಾಠಶಾಲೆಯು ಆರಂಭವಾಯಿತು. ೧೮೯೪ರಲ್ಲಿ ಮೈಸೂರು ಸಂಸ್ಥಾನವು ಶಿಶುವಿವಾಹವನ್ನು ತಡೆಯುವ ಶಾಸನವನ್ನು ಮಾಡಿತು. ೧೯೩೩ರಲ್ಲಿ ಹಿಂದೂ ಹೆಂಗಸರ ಆಸ್ತಿಯ ಹಕ್ಕುಗಳನ್ನು ಕುರಿತ ಶಾಸನವೂ ಬಂತು. ೧೯೬೯ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅಂಚೆಯ ಮೂಲಕ ಪಾಠ ಹೇಳುವ ಏರ್ಪಾಡನ್ನು ಆರಂಭಿಸಿತು. ೧೯೯೬ರಲ್ಲಿ ಅದರಿಂದಲೇ ಮುಕ್ತ ವಿಶ್ವವಿದ್ಯಾನಿಲಯವು ಬೆಳೆದುಬಂತು. ಮನೆಯಲ್ಲಿ ಕೂಸನ್ನು ಮಲಗಿಸಿ ರಾತ್ರಿಯ ಹೊತ್ತು ಓದುವ ತಾಯಿಗೆ ಇದಕ್ಕಿಂತ ಒದಗುವ ಏರ್ಪಾಡು ಮತ್ತೊಂದಿಲ್ಲ. ೧೯೭೫ರ ಅಕ್ಟೋಬರಿನಲ್ಲಿ ದೇಶದಲ್ಲಿ ಮೊದಲ ಬಾರಿಗೆ ಶಿಶು ಅಭಿವೃದ್ಧಿ ಯೋಜನೆಯು ಮೂವತ್ತಮೂರು ಕಡೆಗಳಲ್ಲಿ ಹೊರಟಾಗ ನಮ್ಮ ನೆರೆಯ ತಿರುಮಕೂಡಲು ನರಸೀಪುರವೂ ಅವುಗಳಲ್ಲಿ ಒಂದಾಗಿತ್ತು. ಆ ಬೀಜದಿಂದಲೇ ಊರೂರಿನ ಅಂಗನವಾಡಿಗಳು ಹರಡಿದುವು. ೨೦೨೩ರ ಜೂನ್ ತಿಂಗಳಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವು ದೊರೆಯಿತು. ಅದೇ ವರ್ಷ ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯತಿಗಳಲ್ಲಿ ಕೂಸಿನ ಮನೆಗಳನ್ನು ತೆರೆಯುವ ಯೋಜನೆಯೂ ಪ್ರಕಟವಾಯಿತು.

ಆದರೂ ಬಟ್ಟೆಯಲ್ಲಿ ತೂತುಗಳಿವೆ. ಅಂಗನವಾಡಿಯಲ್ಲಿ ಕುಳಿತು ಕಲಿಯುವ ಮಕ್ಕಳು ಮೂರು ವರ್ಷ ತುಂಬಿದವರು. ತಾಯಿಯ ಕೈಯನ್ನು ಕಟ್ಟಿಹಾಕುವುದು ಅದಕ್ಕಿಂತ ಚಿಕ್ಕ ಮಗು. ಅಂಗನವಾಡಿಯು ಮುಚ್ಚುವ ಹೊತ್ತಿಗೆ ತಾಯಿಯು ಇನ್ನೂ ಬಾನಿಯ ಮುಂದೆ ಕುಳಿತಿರುತ್ತಾಳೆ. ತಾಯ್ತನದ ಸೌಲಭ್ಯದ ಕಾನೂನಿಗೆ ೨೦೧೭ರಲ್ಲಾದ ತಿದ್ದುಪಡಿಯು ಐವತ್ತು ಮಂದಿಯೂ ಅದಕ್ಕೆ ಮೇಲ್ಪಟ್ಟವರೂ ದುಡಿಯುವೆಡೆಯಲ್ಲಿ ಶಿಶುಪಾಲನಾ ಗೃಹವಿರಬೇಕೆಂದು ವಿಧಿಸಿತು. ಒಳ್ಳೆಯದೇ. ಆದರೆ ಹತ್ತು ಹನ್ನೆರಡು ಮಂದಿ ಸೇರಿ ನೂಲು ತೆಗೆಯುವ ಮನೆಗೆ ಆ ವಿಧಿಯು ತಲಪುವುದೆಂತು? ಹುಳು ಸಾಕುವ ಮನೆಗೆ ತಲಪುವುದೆಂತು? ಕಾನೂನಿನ ಕೈ ಮುಟ್ಟದ ಎಡೆಯಲ್ಲಿ ಧರ್ಮದ ಕೈ ಮುಟ್ಟಬೇಕು.

ಆದುದರಿಂದಲೇ ಈ ವಿಷಯವನ್ನು ಶ್ರೀಮಠದ ಮಹೋತ್ಸವದಲ್ಲಿ ಹೇಳಲು ಧೈರ್ಯಮಾಡಿದೆನು. ಕಾಯಕವೂ ದಾಸೋಹವೂ ನಮ್ಮ ಶರಣಧರ್ಮದ ಎರಡು ಕಣ್ಣುಗಳು. ಅಕ್ಕಿಯನ್ನು ಆಯುವ ಲಕ್ಕಮ್ಮ, ಕದಿರನ್ನು ತಿರುಗಿಸುವ ರೆಮ್ಮವ್ವೆ, ಕೊಟ್ಟಣ ಕುಟ್ಟುವ ಸೋಮಮ್ಮ, ಇವರೆಲ್ಲರೂ ದುಡಿಯುವ ಕೈಯಿಂದಲೇ ಶರಣೆಯರೆನಿಸಿಕೊಂಡರು. ಹೆಣ್ಣಿನ ದುಡಿಮೆಯನ್ನು ಪೂಜೆಯೆಂದು ತಿಳಿದ ಪರಂಪರೆಯಲ್ಲಿ, ದುಡಿಯಲು ಹೊರಟ ತಾಯಿಗೆ ದಾರಿಬಿಡುವುದೂ ಪೂಜೆಯೇ ಸರಿ. ವಿದ್ಯೆಗೆ ವಯಸ್ಸು ಮೀರಿತೆಂಬ ಮಾತೂ ನಮ್ಮಲ್ಲಿ ಸಲ್ಲದು. ೧೯೭೪ರಲ್ಲಿ ನಮ್ಮ ಮಂಡ್ಯದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ನೆರೆದಾಗ ಅಧ್ಯಕ್ಷಪೀಠದಲ್ಲಿ ಮೊತ್ತಮೊದಲಿಗೆ ಒಬ್ಬ ಮಹಿಳೆಯು ಕುಳಿತರು. ಅವರು ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು. ಶಾಲೆಯಲ್ಲಿ ಅವರು ಓದಿದುದು ಮರಾಠಿ; ಕನ್ನಡದ ಓದುಬರಹವನ್ನು ಸ್ವಪ್ರಯತ್ನದಿಂದ ಸಾಧಿಸಿಕೊಂಡು ಸಿದ್ಧರಾಮೇಶ್ವರರ ಪುರಾಣವನ್ನೇ ರಚಿಸಿದರು.

ನಮ್ಮ ಮಠಗಳು ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟುದು ಸರ್ವವಿದಿತ. ಸುತ್ತೂರು ಶ್ರೀಮಠದ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ನಡೆಸಿ, ೧೯೫೪ರಲ್ಲಿ ಮಹಾವಿದ್ಯಾಪೀಠವನ್ನು ಸ್ಥಾಪಿಸಿದುದರ ಫಲವನ್ನು ಈ ಸೀಮೆಯ ಎಷ್ಟೋ ಮನೆಗಳು ಉಂಡಿವೆ. ತಂದೆಯಿಲ್ಲದ ಎಷ್ಟೋ ಹುಡುಗರು ಮಠದ ಪಂಕ್ತಿಯಲ್ಲಿ ಕುಳಿತು ಉಂಡು ಓದಿ ಮನುಷ್ಯರಾದರು. ಆದರೆ ಪಂಕ್ತಿಯಲ್ಲಿ ಕುಳಿತು ತಾನೇ ಉಣ್ಣಬಲ್ಲ ಮಗುವಿಗೆ ಮಾತ್ರ ಆ ಪ್ರಸಾದವು ದೊರೆಯುತ್ತದೆ. ತುತ್ತನ್ನು ಬಾಯಿಗಿಡಬೇಕಾದ ಮಗುವಿಗೂ, ಅದರ ತಾಯಿಗೂ ಏನು ಏರ್ಪಾಡು? ಇದೇ ನಾನು ಶ್ರೀ ಸನ್ನಿಧಿಯವರಲ್ಲಿಯೂ ಸದ್ಭಕ್ತರಲ್ಲಿಯೂ ಮಾಡುವ ಬಿನ್ನಹ.

ಬಿನ್ನಹವನ್ನು ನಾಲ್ಕು ಮಾತಿನಲ್ಲಿ ಮುಗಿಸುತ್ತೇನೆ. ಮೊದಲನೆಯದು, ಶ್ರೀಮಠದ ಆಶ್ರಯದಲ್ಲಿ ಒಂದು ಶಿಶುಪಾಲನಾ ಮಂದಿರವಿರಲಿ. ಮುಂಜಾನೆಯ ಮೊದಲ ಬಸ್ಸಿಗೆ ಮುಂಚೆ ಅದರ ಬಾಗಿಲು ತೆರೆಯಲಿ. ಸಂಜೆಯ ಕೊನೆಯ ತಾಯಿಯು ಬಂದ ಮೇಲೆ ಮುಚ್ಚಲಿ. ಮೂರು ವರ್ಷಕ್ಕೆ ಚಿಕ್ಕ ಮಕ್ಕಳಿಗೇ ಅದರಲ್ಲಿ ಮೊದಲ ಸ್ಥಾನವಿರಲಿ. ಯಾವ ಜಾತಿಯ ತಾಯಿಯ ಮಗುವೆಂದು ಯಾರೂ ಕೇಳದಿರಲಿ. ಎರಡನೆಯದು, ಮತ್ತೆ ಓದಬೇಕೆಂಬ ತಾಯಂದಿರಿಗೆ ವಾರದಲ್ಲಿ ಕೆಲವು ಸಂಜೆ ಪಾಠ ಹೇಳುವ ಏರ್ಪಾಡಿರಲಿ. ನಮ್ಮಂತಹ ನಿವೃತ್ತ ಉಪಾಧ್ಯಾಯಿನಿಯರು ಸಂಬಳವಿಲ್ಲದೆ ಬರುತ್ತೇವೆ. ಪರೀಕ್ಷೆಯ ದಿನಗಳಲ್ಲಿ ಅವರ ಮಕ್ಕಳನ್ನು ನೋಡಿಕೊಳ್ಳುವ ಹೊಣೆಯೂ ನಮ್ಮದಾಗಲಿ. ಒಂದು ದಿನದ ಜ್ವರಕ್ಕಾಗಿ ಒಂದು ವರ್ಷವನ್ನು ಕಳೆದುಕೊಳ್ಳುವುದು ಎಂತಹುದೆಂದು ನಾನು ಬಲ್ಲೆನು. ಮೂರನೆಯದು ಮನೆಯ ಹಿರಿಯರಿಗೆ. ಸೊಸೆಯು ಓದಲು ಹೊರಟರೆ ಮನೆಯ ಮಾನ ಹೋಗುವುದಿಲ್ಲ. ಶುಭಕಾರ್ಯಗಳಲ್ಲಿ ಅವಳನ್ನು ಹಿಂದಕ್ಕೆ ತಳ್ಳುವುದು ಶರಣರ ಮಾರ್ಗವಲ್ಲ. ಹೆಂಡತಿಯನ್ನು ಕಳೆದುಕೊಂಡು ಎಳೆಯ ಮಕ್ಕಳೊಡನೆ ನಿಂತ ಗಂಡಸಿನ ಕಷ್ಟವೂ ಇಂತಹುದೇ. ಅವನಿಗೂ ಈ ಬಾಗಿಲು ತೆರೆದಿರಲಿ.

ನಾಲ್ಕನೆಯದು ಆ ತಾಯಂದಿರಿಗೇ. ಅಕ್ಕತಂಗಿಯರೇ, ಮಗುವನ್ನು ಬಿಟ್ಟು ಓದಲು ಹೋಗುವಾಗ ಎದೆಯಲ್ಲಿ ಏಳುವ ಸಂಕಟವು ಪಾಪದ ಗುರುತಲ್ಲ, ಪ್ರೀತಿಯ ಗುರುತು. ಅದು ಹೋಗುವುದೆಂದು ಕಾಯಬೇಡಿರಿ; ಅದರೊಡನೆಯೇ ಬಸ್ಸು ಹತ್ತಿರಿ. ನಾನು ಮಕ್ಕಳ ಬಳಿ ಇಲ್ಲದೆ ಕಳೆದ ಆ ಎರಡು ವರ್ಷಗಳು ಹಿಂದಿರುಗಿ ಬರ‍ಲಿಲ್ಲ. ಅದರ ನೋವು ಇಂದಿಗೂ ಇದೆ. ಆದರೆ ಆ ಎರಡು ವರ್ಷಗಳಿಲ್ಲದಿದ್ದರೆ ಮುಂದಿನ ಇಪ್ಪತ್ತು ವರ್ಷ ಅವರಿಗೆ ಅನ್ನವನ್ನೂ ಪುಸ್ತಕವನ್ನೂ ನಾನು ಕೊಡಲಾಗುತ್ತಿರಲಿಲ್ಲ. ನನ್ನನ್ನು ಅಕ್ಕ ಎಂದು ಕರೆದ ಆ ಮಗಳು ಇಂದು ತಾನೂ ದುಡಿಯುವ ತಾಯಿ. ಪ್ರತಿದಿನ ಬೆಳಗ್ಗೆ ಅವಳ ಕೂಸನ್ನು ಎತ್ತಿಕೊಂಡು ನಾನು ಬೀದಿಯ ತಿರುವಿನವರೆಗೆ ಹೋಗುತ್ತೇನೆ. ಅವ್ವ ಕೆಲಸಕ್ಕೆ ಹೋಗ್ತಾವ್ಳೆ ಎಂದು ಹೇಳಿಕೊಡುತ್ತೇನೆ.

ನನ್ನ ಮಾತಿನಲ್ಲಿ ತಪ್ಪುಗಳಿದ್ದರೆ ಹಿರಿಯರು ಕ್ಷಮಿಸಬೇಕು. ಶ್ರೀಮಠವು ಇನ್ನೂ ಅನೇಕ ಮಹೋತ್ಸವಗಳನ್ನು ಕಾಣಲೆಂದೂ, ಮುಂದಿನ ಮಹೋತ್ಸವದ ಹೊತ್ತಿಗೆ ಶಿಶುಮಂದಿರದ ಮಕ್ಕಳು ಈ ಸಭೆಯ ಮುಂದಿನ ಸಾಲಿನಲ್ಲಿ ಕುಳಿತಿರಲೆಂದೂ ಪ್ರಾರ್ಥಿಸಿ, ಶ್ರೀ ಸನ್ನಿಧಿಯವರ ಪಾದಗಳಿಗೆ ಮಣಿದು ವಿರಮಿಸುತ್ತೇನೆ.